ಪಾನಕದ ಡ್ರಮ್ಮಿನಲ್ಲಿ ಶಿವ

ಅಜ್ಜೀ, ಕೂತು ಓದು, ವಿಷಯ ಗಂಭೀರ.

ಪುಟ್ಟೇನಹಳ್ಳಿಯಲ್ಲಿ ಯುಗಾದಿಗೆ ಹಾಕಿದ ಪೆಂಡಾಲನ್ನು ಬಸವ ಜಯಂತಿಯವರೆಗೂ ಬಿಚ್ಚುವುದಿಲ್ಲ. ನಡುವೆ ರಾಮನವಮಿ, ಅಂಬೇಡ್ಕರ್ ಜಯಂತಿ. ಫೋಟೊ ಮಾತ್ರ ಬದಲಾಗುತ್ತದೆ. ರಾಮನವಮಿಗೆ ಪಾನಕ ಹಂಚುವ ಮಹಾಮಂತ್ರಿ ನಾನೇ. ಡ್ರಮ್ಮಿಗೆ ಬಗ್ಗಿದಾಗ ಕೊರಳ ದಾರ ಹರಿದು, ನೀನು ಕೊಟ್ಟ ಇಷ್ಟಲಿಂಗ ಕರಡಿಗೆ ಸಮೇತ ಮುಳುಗಿತು! ಶಿವದಾರ ಸವೆದಿತ್ತೆಂದು ಹೂ ಕಟ್ಟುವ ದಾರ ಹಾಕಿಕೊಂಡಿದ್ದೆ, ತಪ್ಪಾಯಿತು. ಅಲ್ಲೇ ಅಳುತ್ತ ನಿಂತೆ. ನಾನಿರುವ ಅತ್ತೆಯ ಮನೆಯ ಓನರ್ ಲಕ್ಷ್ಮಮ್ಮ ಪಾನಕವನ್ನೆಲ್ಲ ಸೋಸಿ ಹುಡುಕಿಕೊಟ್ಟರು.

“ಅಳ್ಬ್ಯಾಡ ಕಣ್ಲಾ, ನಮ್ ರಾಮ ನಿಮ್ ಶಿವಂಗೆ ಅಭಿಷೇಕ ಮಾಡವ್ನೆ, ಅಷ್ಟೇಯ,” ಅಂದರು. ಸಾಲಿನಲ್ಲಿದ್ದವರು ತೀರ್ಥವೆಂದು ಎರಡೆರಡು ಲೋಟ ಕುಡಿದರು.

ಆರೋಗ್ಯ ಚೆನ್ನಾಗಿದೆ. ಗಟ್ಟಿ ಶಿವದಾರ ಕಳಿಸು. ಅಪ್ಪನಿಗೆ ಕಾರ್ಡ್ ತೋರಿಸಬೇಡ. ಪೋಸ್ಟ್‌ಮ್ಯಾನ್ ಆಗಲೇ ಓದಿ ಹೇಳಿದ್ದರೆ ಮಾತ್ರ ಶಿವನೇ ಗತಿ.

ನಿನ್ನ ಮೊಮ್ಮಗ,
ಚೆನ್ನಬಸು