ಹೊಸ್ತಿಲಾಚೆ ಬಿಟ್ಟ ಶೂ

ಮೂಳೆ ವಿಭಾಗದ ಮುಖ್ಯಸ್ಥರೇ,

ನನ್ನ ಅವ್ವ ಕೆಂಪಾಜಮ್ಮನ ಫೈಲಿನಲ್ಲಿ ನಿಮ್ಮವರು 'ರೋಗಿ ಸೂಚನೆ ಪಾಲಿಸಿಲ್ಲ' ಎಂದು ಬರೆದಿದ್ದಾರೆ. ಅದನ್ನು ಹೊಡೆದುಹಾಕಿ ಎಂದು ಕೇಳಲು ಮೂರು ಸಲ ಬಂದೆ, ನಿಮ್ಮ ದರ್ಶನವಾಗಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕೋಟೆ ತಾಲ್ಲೂಕಿನ ಶಾಲೆಯೊಂದರಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದವಳು ಅವ್ವ. ಬಲಗಾಲ ಹೆಬ್ಬೆರಳ ಬುಡದಲ್ಲಿ ಗಂಟು ಬೆಳೆದು ಬೆರಳು ವಾಲಿತ್ತು. ನಿಮ್ಮಲ್ಲಿ ಮೂಳೆ ಕತ್ತರಿಸಿ ನೇರ ಮಾಡಿದರು. ಭಾರವೆಲ್ಲ ಹಿಮ್ಮಡಿಗೆ ಬೀಳುವಂಥ ಶೂ ಕೊಟ್ಟು, ಆರು ವಾರ ಹಾಕಿಕೊಳ್ಳಿ ಎಂದರು. ಹಿತ್ತಿಲಿಗೆ ಹೋಗುವಾಗಲೂ ಅವ್ವ ಅದನ್ನು ಬಿಡಲಿಲ್ಲ. ಹೊಸ್ತಿಲಿಗೆ ಬಂದಾಗ ಮಾತ್ರ ನಿಂತುಬಿಡುತ್ತಿದ್ದಳು. "ದೀಪ ಉರೀತಾ ಅದೆ ಕಣವ್ವಾ, ಎಕ್ಕಡ ಮೆಟ್ಕೊಂಡು ಒಳೀಕೆ ಎಂಗೆ ಬರ್ಲಿ?" ಬಗ್ಗಿ ಶೂವಿನ ಬೆಲ್ಟು ಬಿಚ್ಚುತ್ತಿದ್ದವಳು ನಾನೇ. ಮನೆಯೊಳಗೂ ಹಾಕಬೇಕೆಂದು ಒಬ್ಬರೂ ಹೇಳಲಿಲ್ಲ. ನಿಮ್ಮ ಮನೆಗೆ ಹೊಸ್ತಿಲಿಲ್ಲವೇ ಸ್ವಾಮಿ?

ಮೂರನೇ ವಾರ ತೋರಿಸಲು ಬಂದೆವು. ನಿಮ್ಮ ವಿಭಾಗದ ತಪಾಸಣೆ ಕೊಠಡಿಯ ಬಾಗಿಲಲ್ಲೇ ಬೋರ್ಡು: 'ಪಾದರಕ್ಷೆಗಳನ್ನು ಹೊರಗೆ ಬಿಡಿ'. ಅವ್ವ ಶೂ ಬಿಚ್ಚಿ, ಗೋಡೆ ಹಿಡಿದು ಬರಿಗಾಲಲ್ಲಿ ಒಳಗೆ ಬಂದಳು. ಮೇಜಿನಾಚೆ ಕೂತ ಡಾಕ್ಟರು ನೋಡಿದರು, ಶೂ ಯಾಕೆ ಬಿಚ್ಚಿದೆ ಎಂದು ಕೇಳಲಿಲ್ಲ. ಇದಕ್ಕಿಂತ ವಿಧೇಯ ರೋಗಿ ನಿಮಗೆಲ್ಲಿ ಸಿಗಬೇಕು?

ಬೆರಳೇನೋ ನೇರವಾಗಿದೆ, ಅಭಿನಂದನೆಗಳು. ಆದರೆ ಬರಿಗಾಲಲ್ಲಿ ಓಡಾಡಿದ ಭಾರಕ್ಕೆ ಕತ್ತರಿಸಿದ ಮೂಳೆ ಮೇಲಕ್ಕೆ ಸರಿದು ಕೂಡಿಕೊಂಡಿದೆಯಂತೆ. ಹೆಬ್ಬೆರಳು ಹೊರಬೇಕಾದ ಭಾರವನ್ನು ಈಗ ಪಕ್ಕದ ಬೆರಳುಗಳ ಬುಡ ಹೊರುತ್ತಿದೆಯಂತೆ. ಒಲೆಯ ಮುಂದೆ ಹತ್ತು ನಿಮಿಷ ನಿಲ್ಲಲಾರದೆ ಅವ್ವ ಶಾಲೆಯ ಕೆಲಸ ಬಿಟ್ಟಳು. "ಮುಂಗಾಲಡಿ ಕಲ್ಲು ಸಿಕ್ಕೊಂಡದೆ, ಒಸಿ ನೋಡವ್ವಾ" ಅನ್ನುತ್ತಾಳೆ. ಕಲ್ಲಿಲ್ಲವೆಂದು ಗೊತ್ತಿದ್ದೂ ದಿನಾ ಅಂಗಾಲು ಒರೆಸಿ ನೋಡುತ್ತೇನೆ.

ಫೈಲಿನಲ್ಲಿ ನಿಮ್ಮವರು ಬರೆದದ್ದನ್ನು ಯಾರೋ ಓದಿ ಹೇಳಿದ ಮೇಲೆ, "ನಾನೇ ಕೆಡಿಸ್ಕೊಂಡೆ ಬುಡು, ಡಾಕ್ಟ್ರು ಪಾಪ ಏನ್ಮಾಡಾರು?" ಎಂದಳು. ಅವತ್ತು ಹಿತ್ತಿಲಿಗೆ ಹೋಗಿ ಅತ್ತೆ. ಬೆಲ್ಟು ಬಿಚ್ಚಿದ ಕೈ ನನ್ನದು, ತಪ್ಪು ಹೊತ್ತವಳು ಅವಳು.

ಇನ್ನುಮೇಲೆ ಮೆತ್ತನೆಯ ಚಪ್ಪಲಿಯನ್ನು ಮನೆಯೊಳಗೂ ಹಾಕಿರಬೇಕೆಂದು ನಿಮ್ಮವರು ಈಗ ಹೇಳಿದ್ದಾರೆ. ಮಾತು ಕೇಳದ ನಿಮ್ಮ ರೋಗಿ ಅದನ್ನೂ ಪಾಲಿಸುತ್ತಿದ್ದಾಳೆ. ಮತ್ತೆ ತಪ್ಪು ತನ್ನ ಮೇಲೆ ಬಂದೀತೆಂದು ಒಂದು ಗಳಿಗೆಯೂ ಬಿಚ್ಚುವುದಿಲ್ಲ. ಚಪ್ಪಲಿ ಮೆಟ್ಟಿ ದೇವರ ಮುಂದೆ ಹೇಗೆ ನಿಲ್ಲಲಿ ಎಂದು ದೀಪ ಹಚ್ಚುವುದನ್ನೇ ಬಿಟ್ಟಿದ್ದಾಳೆ.

ಆ ಬೋರ್ಡು ಕೀಳಿಸಿ. ಫೈಲಿನ ಆ ಸಾಲು ಹೊಡೆದು, 'ನಾವು ಹೇಳಲಿಲ್ಲ' ಎಂದು ಬರೆಯಿರಿ. ಅಷ್ಟನ್ನು ಅವ್ವನಿಗೆ ಓದಿ ಹೇಳಬೇಕು. ಆಮೇಲಾದರೂ ದೀಪ ಹಚ್ಚುತ್ತಾಳೇನೋ.

ಇಂತಿ,
ಆರು ವಾರವೂ ಆ ಬೆಲ್ಟು ಬಿಚ್ಚಿದ ಮಗಳು,
ಯಶೋಧರಾ
ಹ್ಯಾಂಡ್‌ಪೋಸ್ಟ್