ಮುಳುಗದ ಕೈ

ಗುರುವಾರ, ಮಧ್ಯಾಹ್ನ
ಅಪ್ಪನ ಮರಗೆಲಸದ ಶೆಡ್ಡು

ಪ್ರೀತಿಯ ಒಣಕೈ ಅಕ್ಕನಿಗೆ,

ನಮ್ಮ ಸಭೆಯ ಕೊನೆಯ ಬೆಂಚಿನ ಆಜೀವ ಸದಸ್ಯೆಯೂ, ಸಂಡೇ ಸ್ಕೂಲಿನಿಂದ ಅತಿ ಹೆಚ್ಚು ಸಲ ಹೊರಗೆ ನಿಂತ ಕೀರ್ತಿಗೆ ಭಾಜನಳೂ ಆದ ನಿನ್ನ ತಂಗಿ, ಮರದ ಹೊಟ್ಟಿನ ರಾಶಿಯ ಮೇಲೆ ಕೂತು, ಮುಖವನ್ನು ಕೈಲಾದಷ್ಟು ಗಂಭೀರವಾಗಿ ಇಟ್ಟುಕೊಂಡು ಬರೆಯುವುದೇನೆಂದರೆ: ನಿನ್ನ ಪತ್ರ ತಲುಪಿತು.

ಬರುವ ಭಾನುವಾರ ಬರುತ್ತೇನೆ ಅಂತ ಬರೆದಿದ್ದೀಯ. ಎಲ್ಲರ ಮುಂದೆ ನಿಂತು ನನ್ನದು ತಪ್ಪಾಯಿತು ಅನ್ನುತ್ತೇನೆ, ಸಭೆ ಮತ್ತೆ ಸೇರಿಸಿಕೊಂಡರೆ ಭಾವನ ಮನೆಗೇ ವಾಪಸ್ಸು ಹೋಗುತ್ತೇನೆ ಅಂತಲೂ ಬರೆದಿದ್ದೀಯ. ಅಲ್ಲಿಯವರೆಗೆ ನನ್ನಿಂದ ಕಹಿ ಮಾತು ಬೇಡವಂತೆ, ನಾವು ಸಭೆಯಲ್ಲಿ ಬೆಳೆದ ದಿನಗಳ ಸವಿನೆನಪು ಮಾತ್ರ ಬೇಕಂತೆ. ಅಪ್ಪಣೆ. ಇಗೋ, ಒಂದೊಂದನ್ನೂ ಒರೆಸಿ ಹೊಳಪು ಮಾಡಿ ಕಳಿಸುತ್ತಿದ್ದೇನೆ.

ಮೊದಲನೆಯದು ತೊಟ್ಟಿ. ಬೇರೆ ಚರ್ಚಿನವರು ದೀಕ್ಷಾಸ್ನಾನ ಅಂತ ತಲೆಗೆ ನಾಲ್ಕು ಹನಿ ಚಿಮುಕಿಸಿ ಕೆಲಸ ಮುಗಿಸುತ್ತಾರೆ, ಬ್ಯಾಪ್ಟಿಸ್ಟರಾದ ನಮಗೆ ಹಾಗೆಲ್ಲ ಆಗುವುದಿಲ್ಲ. ಬುದ್ಧಿ ಬಂದ ಮೇಲೆ, ಬಾಯಿಬಿಟ್ಟು ಸಾಕ್ಷಿ ಹೇಳಿ, ಇಡೀ ಆಳು ನೀರಿನಲ್ಲಿ ಮುಳುಗಿ ಏಳಬೇಕು. ಅದಕ್ಕೇ ಪ್ರಸಂಗ ಪೀಠದ ಕೆಳಗೆ ಸಿಮೆಂಟಿನ ತೊಟ್ಟಿ, ಮೇಲೆ ಅಪ್ಪ ಕೂಡಿಸಿದ ಹಲಗೆ. ಉಳಿದ ದಿನ ತೊಟ್ಟಿ ಒಣಗಿರುತ್ತಿತ್ತು, ನಾವು ಹಲಗೆ ಸರಿಸಿ ಒಳಗಿಳಿದು ಮನೆ ಆಟ ಆಡುತ್ತಿದ್ದೆವು. ಒಂದು ಸಲ ಪಾಸ್ಟರು ಪ್ರಸಂಗದ ತಾಲೀಮು ಮಾಡಲು ಬಂದು ನಮ್ಮ ತಲೆಯ ಮೇಲೇ ನಿಂತರು. ಪಾಪಿಗಳೇ ಎಲ್ಲಿದ್ದೀರಿ ಅಂತ ಅವರು ಗುಡುಗಿದಾಗ ನಾನು ಕೆಳಗಿನಿಂದ ಇಲ್ಲೇ ಇದ್ದೀವಿ ಅಂದುಬಿಟ್ಟೆ. ಮನುಷ್ಯ ಚಪ್ಪಲಿ ಬಿಟ್ಟು ಓಡಿದರು. ಅವತ್ತು ನನ್ನನ್ನು ಚೇಳು ಅಂತ ಕರೆದವರು ನಮ್ಮ ಕೊಡೆ ಟೀಚರ್. ಆ ಹೆಸರು ಇನ್ನೂ ಹೋಗಿಲ್ಲ. ಅವರ ಕೊಡೆಯೂ ಹೋಗಿಲ್ಲ, ಈಗಲೂ ಅದರ ತುದಿಯಿಂದಲೇ ಮಕ್ಕಳನ್ನು ತಿವಿದು ದೇವರ ಪ್ರೀತಿ ಕಲಿಸುತ್ತಾರೆ.

ಎರಡನೆಯದು ಕಪ್ಪೆ. ಅಂಚೆಯಣ್ಣ ಮುಳುಗಿ ಎದ್ದಾಗ ಅವನ ಹೆಗಲ ಮೇಲೆ ಕೂತಿತ್ತಲ್ಲ! ಅದೂ ಪೂರ್ತಿ ಮುಳುಗಿದೆ, ಅದನ್ನೂ ಸದಸ್ಯರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನಾನು ಎದ್ದು ನಿಂತು ಸವಿನಯವಾಗಿ ಕೇಳಿಕೊಂಡೆ. ಕೊಡೆಯ ತುದಿ ಎಲ್ಲಿಗೆ ತಾಗಿತು ಅಂತ ನಿನಗೆ ಗೊತ್ತಿದೆ.

ಮೂರನೆಯದು ನೀನು. ನೀರು ಕಂಡರೆ ನಿನಗೆ ಜೀವ ಹೋಗುತ್ತಿತ್ತು. ಆದರೂ ಬಿಳಿ ಉಡುಪು ಹಾಕಿಕೊಂಡು ಇಳಿದೆ. ಪಾಸ್ಟರು ನಿನ್ನನ್ನು ಹಿಂದಕ್ಕೆ ಬಗ್ಗಿಸಿದರು. ತಲೆ ಮುಳುಗಿತು, ಕಾಲು ಮುಳುಗಿತು, ಬಲಗೈ ಮಾತ್ರ ತೊಟ್ಟಿಯ ಅಂಚನ್ನು ಕಚ್ಚಿ ಹಿಡಿದುಕೊಂಡು ಮೇಲೇ ಉಳಿಯಿತು. ನೀನು ಎದ್ದು ಕೂದಲು ಹಿಂಡಿಕೊಳ್ಳುವಷ್ಟರಲ್ಲಿ ಹಿರಿಯರ ಗುಸುಗುಸು ಶುರು. ಗಡಿಯಾರ ರಿಪೇರಿಯ ಹಿರಿಯರಂತೂ ಕೈ ಮುಳುಗಿಲ್ಲ, ಆ ಕೈ ಇನ್ನೂ ಲೋಕದ್ದೇ, ಆ ಕೈ ಎತ್ತಿದರೆ ವೋಟಿಗೆ ಬರುವುದಿಲ್ಲ ಅಂತ ಪಟ್ಟು ಹಿಡಿದರು. ಪಾಸ್ಟರು ನಕ್ಕು, ಸಾಕು ಬಿಡಿ, ಹುಡುಗಿ ನಡುಗುತ್ತಿದ್ದಾಳೆ ಅಂದರು. ಆದರೆ ಒಣಕೈ ಅನ್ನುವ ಹೆಸರು ಅಂಟಿತು. ಆಮೇಲೆ ನೀನು ಊಟ ಬಡಿಸಲು ಬಂದರೆ ಅಮ್ಮನೇ ಹೇಳುತ್ತಿದ್ದಳು, ಆ ಕೈ ಬೇಡ ಕಣೇ, ಅದಿನ್ನೂ ಲೋಕದ್ದು. ಹೇಳಿ ತಾನೇ ಮೊದಲು ನಗುತ್ತಿದ್ದಳು.

ಅಮ್ಮನ ಮಾತು ಬಂತು. ಇದನ್ನು ತಮಾಷೆಯಾಗಿ ಬರೆಯಲು ನೋಡಿದೆ, ಆಗಲಿಲ್ಲ. ಅವಳು ಹಾಸಿಗೆ ಹಿಡಿದಾಗ ನಮ್ಮ ಒಲೆ ಹಚ್ಚಿದ್ದು ನಾವಲ್ಲ. ಒಬ್ಬರು ಅಡುಗೆ ತಂದರೆ ಇನ್ನೊಬ್ಬರು ನೆಲ ಒರೆಸುತ್ತಿದ್ದರು. ಕೊಡೆ ಟೀಚರ್ ಕೊಡೆಯನ್ನು ಬಾಗಿಲ ಹಿಂದೆ ನಿಲ್ಲಿಸಿ, ತೋಳು ಮಡಚಿ, ಅಮ್ಮನ ಮಲಮೂತ್ರ ಬಳಿದರು. ಗಡಿಯಾರದ ಹಿರಿಯರು ಅಮ್ಮನ ತಲೆಯ ಹತ್ತಿರ ಟಿಕ್ ಟಿಕ್ ಬೇಡ ಅಂತ ನಮ್ಮ ಗೋಡೆ ಗಡಿಯಾರವನ್ನು ನಿಲ್ಲಿಸಿ ಹೋದರು. ಅವಳು ಹೋದ ದಿನ ಇಡೀ ಸಭೆ ನಮ್ಮ ಅಂಗಳದಲ್ಲಿ ನಿಂತು ಹಾಡಿತು. ಮೊದಲ ಸಾಲು ಎತ್ತಿದವನು ಹಾಡಿನ ಮಾಸ್ತರ, ಪಾಸ್ಟರ ತಮ್ಮ. ಆ ದನಿ ಕೇಳಿ ನನಗೇ ಅಳು ಬಂತು ಅಂದ ಮೇಲೆ ನಿನ್ನ ಗತಿ ಏನು? ಮರುವರ್ಷ ಅವನನ್ನೇ ಮದುವೆಯಾದೆ.

ನೀನು ಪಟ್ಟಣದ ಆ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಹಾಡಲು ಬಾಯಿ ತೆರೆದರೆ ದನಿ ಹೊರಡುವುದಿಲ್ಲ ಅಂತ ಬರೆದಿದ್ದೀಯ. ಎಡಬಲ ಯಾರೂ ಇಲ್ಲದೆ ಹಾಡು ಹಾಡೇ ಅಲ್ಲ ಅಂತ. ಗೊತ್ತು ಅಕ್ಕ. ನಿನಗೆ ಬೇಕಾದದ್ದು ಭಾವ ಅಲ್ಲ, ಆ ಎಡಬಲ. ಅದನ್ನು ಪಡೆಯಲು ಅವನನ್ನು ದಾಟಿಕೊಂಡೇ ಹೋಗಬೇಕು, ಅಷ್ಟೇ.

ಆದ್ದರಿಂದ ನಾಲ್ಕನೆಯ ಸವಿನೆನಪು: ಕೈಗಳು. ನಮ್ಮಲ್ಲಿ ಪಾಸ್ಟರ ಮಾತೇ ಕೊನೆಯಲ್ಲ, ಎಲ್ಲ ಸಭೆಯ ಕೈಯಲ್ಲೇ ಅಂತ ಅಪ್ಪ ಎದೆಯುಬ್ಬಿಸಿ ಹೇಳುತ್ತಿದ್ದ. ಗೋಡೆಗೆ ಯಾವ ಬಣ್ಣ ಅಂತ ಕೇಳಿದರೂ ಕೈ, ಫ್ಯಾನು ಯಾವ ಕಡೆಗೆ ಅಂತ ಕೇಳಿದರೂ ಕೈ. ಮುಳುಗಿದವರು ಮಾತ್ರ ಎತ್ತಬೇಕು, ನಗು ನಿಲ್ಲುವವರೆಗೆ ದೀಕ್ಷಾಸ್ನಾನ ಇಲ್ಲ ಅನ್ನಿಸಿಕೊಂಡ ನನ್ನಂಥವರು ಹಿಂದಿನ ಬೆಂಚಿನಲ್ಲಿ ಕಾಲು ಎತ್ತಬಹುದು. ಒಬ್ಬರನ್ನು ಹೊರಗೆ ಹಾಕಲು ಹೆಚ್ಚಿನ ಕೈ ಇದ್ದರೆ ಸಾಕು. ಹೊರಗೆ ಹೋದವರನ್ನು ವಾಪಸ್ಸು ಸೇರಿಸಲು ಮಾತ್ರ ಒಂದೇ ಒಂದು ಕೈಯೂ ವಿರೋಧವಾಗಿ ಏಳಬಾರದು. ಬಸ್ ಡ್ರೈವರಣ್ಣ ನೆನಪಿದ್ದಾನಾ? ಕುಡಿತ ಬಿಟ್ಟ, ಅತ್ತ, ಮೊಣಕಾಲೂರಿದ. ಆದರೂ ವರ್ಷಗಟ್ಟಲೆ ಹೊರಗಿನ ಮೆಟ್ಟಿಲ ಮೇಲೇ ಕೂತ. ಯಾಕೆ? ಯಾವತ್ತೋ ಒಂದು ದಿನ ಮೂಲೆಮನೆ ಅಜ್ಜಿಯನ್ನು ಹತ್ತಿಸಿಕೊಳ್ಳದೆ ಬಸ್ಸು ಬಿಟ್ಟಿದ್ದ. ಪ್ರತಿ ಸಲ ಅಜ್ಜಿಯ ಕೈ ಧ್ವಜದ ಹಾಗೆ ಮೇಲೆ. ಅಜ್ಜಿ ಪರಲೋಕದ ಬಸ್ಸು ಹತ್ತಿದ ಮೇಲೆಯೇ ಅವನಿಗೆ ಬಾಗಿಲು ತೆರೆದದ್ದು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಿನ್ನನ್ನು ಹೊರಗೆ ಹಾಕಲು ಕೈ ಎತ್ತಿದ ದಿನ ನಾನು ನಗಲಿಲ್ಲ. ನೀನು ಮುಂದೆ ನಿಂತಿದ್ದೆ, ತುಟಿಗೆ ಹೊಲಿಗೆ ಹಾಕಿತ್ತು, ಒಂದು ಹಲ್ಲು ಇರಲಿಲ್ಲ. ಕ್ಷಮಿಸಿದ್ದೇನೆ ಅಂತ ಒಂದು ಮಾತು ಹೇಳಿ ಗಂಡನ ಜೊತೆ ಮನೆಗೆ ಹೋಗಮ್ಮ ಅಂದರು ಪಾಸ್ಟರು. ಹಲ್ಲು ಹೋದರೆ ಕಟ್ಟಿಸಬಹುದು, ಮನೆ ಮುರಿದರೆ ಕಟ್ಟಿಸಲಾಗುತ್ತದಾ ಅಂತ ಕೇಳಿದರು. ಜೇನಿನಂಥ ದನಿ, ಅಣ್ಣತಮ್ಮ ಇಬ್ಬರಿಗೂ ಒಂದೇ. ನಾನು ಹೋಗಲ್ಲ ಅಂದೆ ನೀನು. ಹಲ್ಲಿಲ್ಲದ ಜಾಗದಲ್ಲಿ ಗಾಳಿ ನುಗ್ಗಿ ಆ ಮಾತು ಸರಿಯಾಗಿ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿಸಿದರು. ಇನ್ನೊಮ್ಮೆ ಹೇಳಿದೆ.

ನಿನಗೆ ಮುಖಗಳು ಕಂಡವು, ನನಗೆ ಹಿಂದಿನಿಂದ ಬರೀ ಕೈಗಳು. ಅಮ್ಮನ ಮಲಮೂತ್ರ ಬಳಿದ ಕೈ ಎದ್ದಿತು. ನಮ್ಮ ಗಡಿಯಾರ ನಿಲ್ಲಿಸಿದ ಕೈ ಎದ್ದಿತು. ಮೆಟ್ಟಿಲ ಮೇಲೆ ಕೂತು ಸವೆದಿದ್ದ ಡ್ರೈವರಣ್ಣನ ಕೈಯೂ ಎದ್ದಿತು, ಅದೂ ಭಾರಿ ಅವಸರದಲ್ಲಿ. ಕೊನೆಗೆ ತೋರುಬೆರಳಿನ ತುದಿ ಇಲ್ಲದ ಒಂದು ಕೈ, ಅರ್ಧಕ್ಕೇ, ನೀರು ಕೇಳುವವರ ಹಾಗೆ. ಆ ತುದಿಯನ್ನು ತೊಟ್ಟಿಯ ಹಲಗೆ ಕೊಯ್ಯುವಾಗಲೇ ಗರಗಸ ತಿಂದದ್ದು. ಅಪ್ಪ ಎತ್ತಿದನೋ ಇಲ್ಲವೋ ನನಗೆ ಕಾಣಲಿಲ್ಲ ಅಂತ ನೀನು ಪತ್ರದಲ್ಲಿ ಪ್ರತಿ ಸಲ ಬರೆಯುತ್ತೀಯ. ನಿನಗೆ ಕಂಡಿತ್ತು ಅಕ್ಕ. ಅಪ್ಪ ಎತ್ತಿದ.

ಇಡೀ ಸಭೆಯಲ್ಲಿ ಮುಳುಗಿದವರ ಪೈಕಿ ಇಳಿದೇ ಇದ್ದ ಕೈ ಎಂದರೆ ನಿನ್ನದೊಂದೇ. ಅದೂ ಪೂರ್ತಿ ಮುಳುಗಿದ್ದಲ್ಲ.

ಈಗಿನ ಸುದ್ದಿ ಕೇಳು. ನೀನು ಬರುತ್ತೀಯ ಅಂತ ಪಾಸ್ಟರು ಪೀಠದಿಂದ ಹೇಳಿದರು. ಎಲ್ಲರ ಕಣ್ಣಲ್ಲೂ ನೀರು. ಭಾವ ಎದ್ದು, ನನ್ನ ಮನೆಯ ಬಾಗಿಲು ತೆರೆದೇ ಇದೆ ಅಂದ. ಎಂಥ ದೊಡ್ಡ ಮನಸ್ಸು ಅಂತ ಕೊಡೆ ಟೀಚರ್ ಕೊಡೆಯಿಂದ ನೆಲ ಕುಟ್ಟಿದರು. ಆಮೇಲೆ ಅವನು ಹಾಡಿದ. ಚೆನ್ನಾಗಿಯೇ ಹಾಡಿದ, ದರಿದ್ರದವನು. ಕೆಟ್ಟದಾಗಿ ಹಾಡಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ತಪ್ಪಾಯಿತು ಅನ್ನಲು ನಿನ್ನನ್ನು ಕರೆಸುತ್ತಿದ್ದಾರೆ, ಅವನಿಗೆ ಏನಾದರೂ ಅನ್ನಲು ಇದೆಯಾ ಅಂತ ಕೇಳಿದವರು ಯಾರೂ ಇಲ್ಲ. ನಾನು ಕೇಳೋಣ ಅಂದರೆ ನನಗೆ ಕೈ ಇಲ್ಲ, ಇರುವುದು ಕಾಲು.

ಆದಕಾರಣ ಪರಮ ಗಾಂಭೀರ್ಯದಿಂದ ತಿಳಿಸುವುದೇನೆಂದರೆ, ಭಾನುವಾರ ನಿನ್ನ ಕಾರ್ಯಕ್ರಮಕ್ಕೆ ಮೊದಲು ಇನ್ನೊಂದು ಇದೆ. ಚೇಳಿನ ದೀಕ್ಷಾಸ್ನಾನ. ಪಾಸ್ಟರ ಮನೆಗೆ ನಾನೇ ಹೋಗಿ ಕೇಳಿಕೊಂಡೆ. ನಗು ನಿಂತಿತೇ ಮಗಳೇ ಅಂದರು. ನಿಂತು ಬಹಳ ದಿನ ಆಯಿತು ಅಂದೆ. ಇದೊಂದು ಮಾತಿನಲ್ಲಿ ತಮಾಷೆ ಇರಲಿಲ್ಲ, ಅದಕ್ಕೇ ಅವರು ನಂಬಿದರು. ಊರೆಲ್ಲ ಕುಣಿಯುತ್ತಿದೆ, ಅಕ್ಕತಂಗಿ ಇಬ್ಬರೂ ಒಂದೇ ದಿನ ದಾರಿಗೆ ಬಂದರು ಅಂತ.

ನಾನು ಬಲಗೈಯನ್ನೇ ಮೊದಲು ಮುಳುಗಿಸುತ್ತೇನೆ. ಗಡಿಯಾರದ ಹಿರಿಯರನ್ನು ಹತ್ತಿರ ಕರೆದು, ಬೆರಳು ಬೆರಳು ನೆನೆದದ್ದನ್ನು ತೋರಿಸಿಕೊಂಡೇ ಏಳುತ್ತೇನೆ. ಆಮೇಲೆ ಒದ್ದೆ ಬಟ್ಟೆ ಬದಲಿಸಿ ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತೇನೆ. ನೀನು ತಪ್ಪಾಯಿತು ಅನ್ನುತ್ತೀಯ. ಸೇರಿಸಿಕೊಳ್ಳಲು ಯಾರದಾದರೂ ವಿರೋಧ ಇದೆಯಾ ಅಂತ ಪಾಸ್ಟರು ವಾಡಿಕೆಗೆ ಕೇಳುತ್ತಾರೆ. ಆಗ ಮೂಲೆಮನೆ ಅಜ್ಜಿಯ ಹಾಗೆ ಏಳುವ ಕೈ ನನ್ನದು. ಈ ಭಾನುವಾರ ಮಾತ್ರ ಅಲ್ಲ, ನೀನು ಬಂದ ಪ್ರತಿ ಸಲ, ನಾನು ಸಾಯುವವರೆಗೆ. ಅಜ್ಜಿಗೆ ವಯಸ್ಸಾಗಿತ್ತು, ನಾನು ಗಟ್ಟಿಮುಟ್ಟಾಗಿದ್ದೇನೆ.

ಬಯ್ಯಬೇಕು ಅನ್ನಿಸಿದರೆ ಬಯ್ಯಿ, ಅಲ್ಲಿಂದಲೇ ಬಯ್ಯಿ. ಬರಬೇಡ. ಹಲ್ಲು ಕಟ್ಟಿಸಿಕೋ. ಪಕ್ಕದ ಕೋಣೆಯವಳಿಗೆ ಒಂದು ಹಾಡು ಕಲಿಸು, ಕತ್ತೆಯ ದನಿಯಾದರೂ ಪರವಾಗಿಲ್ಲ, ಎಡಗಡೆಗೆ ಒಬ್ಬಳಾಗುತ್ತಾಳೆ. ಬಲಗಡೆಗೆ ಯಾವತ್ತಾದರೂ ನಾನು ಬರುತ್ತೇನೆ.

ನಿನ್ನನ್ನು ಹೊರಗೇ ಇಡಲು ಪಣ ತೊಟ್ಟಿರುವ,
ನಿನ್ನ ತಂಗಿ
ಚೇಳು

ಮರೆತ ಮಾತು: ಇಷ್ಟು ಬರೆದು ಲಕೋಟೆ ಅಂಟಿಸುವ ಮೊದಲು ಅಪ್ಪನಿಗೆ ಎಲ್ಲ ಓದಿ ಹೇಳಿದೆ. ಕೈ ಎತ್ತಿದ ಜಾಗವನ್ನೂ ಬಿಡಲಿಲ್ಲ. ಏಟು ಬೀಳುತ್ತದೆ ಅಂತ ಬಾಗಿಲ ಹತ್ತಿರವೇ ನಿಂತಿದ್ದೆ. ಅವನು ಮರ ಉಜ್ಜುತ್ತಲೇ ಇದ್ದ. ಆಮೇಲೆ ತಲೆ ಎತ್ತದೆ, ನೀನು ಮುಳುಗುವುದೇನೂ ಬೇಡ ಕಣೇ, ವಿರೋಧಕ್ಕೆ ಒಂದು ಕೈ ತಾನೇ ಬೇಕು, ನನ್ನದಿದೆಯಲ್ಲ ಅಂದ. ಅಪ್ಪ ಹಾಗೆ ಅಂದ ಅಂತ ನಿನಗೆ ಗೊತ್ತಿರಲಿ. ಆದರೆ ಆ ಕೈಯನ್ನು ನಾನು ಹಿಂದಿನ ಬೆಂಚಿನಿಂದ ಒಮ್ಮೆ ನೋಡಿದ್ದೇನೆ. ನಾನು ಮುಳುಗುತ್ತೇನೆ.