ಅವ್ವನ ನಗುವಿನ ಪಟ

ಗದಗ, ನೆರಳುಬೀದಿ
ಫೆಬ್ರವರಿ ಮೂವತ್ತು, ೨೨೧೧

ಹಿಂದಿನ ಕಾಲದ ಹಿರಿಯರಿಗೆ ಶಾಂಭವಿ ಮಾಡುವ ಶರಣು.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನೀವು ನಗಬಹುದು. ನಮ್ಮ ಅಜ್ಜಂದಿರ ಕಾಲದಲ್ಲೇ ತಿಂಗಳುಗಳನ್ನೆಲ್ಲ ಸರಿಸಮ ಮಾಡಿಬಿಟ್ಟರು. ನಮಗೆ ಅದು ರೂಢಿಯಾಗಿದೆ, ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸೀತು. ಎರಡು ನೂರು ವರ್ಷಗಳಲ್ಲಿ ಕೆಲವು ಮಾತು ಸವೆದುಹೋಗಿವೆ, ಕೆಲವು ಹೊಸದಾಗಿ ಹುಟ್ಟಿವೆ. ಇಂಥ ಪತ್ರಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ, ಅಂದರೆ ಹಿಂದಕ್ಕೆ ಬರೆಯುವ ಓಲೆ. ಮನೆಯಲ್ಲಿ ಸಾವಾದ ವರ್ಷ ಯಾರಾದರೂ ಒಬ್ಬರು ಹಿನ್ನೋಲೆ ಬರೆಯುವುದು ಈಗಿನ ಪದ್ಧತಿ. ಅದು ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬರೆದವರ ಎದೆ ಹಗುರಾಗುತ್ತದೆ ಎನ್ನುತ್ತಾರೆ. ನನ್ನದು ಇನ್ನೂ ಆಗಿಲ್ಲ.

ನಮ್ಮ ಅವ್ವ ಇಂದುಮತಿ. ಊರಿಗೆಲ್ಲ ಇಂದವ್ವ. ನಿಮ್ಮ ಕಾಲಕ್ಕಿಂತ ಈಗ ಬಿಸಿಲು ಹೆಚ್ಚು. ಹಾಗಾಗಿ ದೊಡ್ಡ ಬೀದಿಗಳಿಗೆಲ್ಲ ಮೇಲೆ ಚಪ್ಪರ ಹೊದಿಸಿದ್ದಾರೆ, ಅವನ್ನೇ ನೆರಳುಬೀದಿ ಎನ್ನುವುದು. ನಸುಕಿನಲ್ಲಿ ಅಂಗಡಿ ತೆರೆಯುತ್ತವೆ, ಹೊತ್ತು ಏರಿದರೆ ಮುಚ್ಚುತ್ತವೆ, ಸಂಜೆಗೆ ಮತ್ತೆ ತೆರೆಯುತ್ತವೆ. ಎಲ್ಲ ಅಂಗಡಿಗಳೂ ಬಾಗಿಲು ಹಾಕಿದ ಉರಿ ಮಧ್ಯಾಹ್ನದಲ್ಲಿ ತೆರೆದಿರುತ್ತಿದ್ದದ್ದು ನಮ್ಮ ಅವ್ವನ ಖಾನಾವಳಿ ಒಂದೇ. ರೈಲಿನ ಹಳಿ ಕಾಯುವವರು, ಚಪ್ಪರ ರಿಪೇರಿಯವರು, ದೂರದೂರಿನಿಂದ ಬಂದು ಬಿಸಿಲಿಗೆ ಸಿಕ್ಕಿಕೊಂಡವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಜೋಳದ ರೊಟ್ಟಿ, ಝುಣಕ, ಎಣ್ಣಿಗಾಯಿ, ಶೇಂಗಾ ಹಿಂಡಿ. ನೀವೂ ಇವನ್ನೇ ಉಣ್ಣುತ್ತಿದ್ದಿರೆಂದು ಕೇಳಿದ್ದೇನೆ, ಅಷ್ಟರ ಮಟ್ಟಿಗೆ ನಾವು ಬದಲಾಗಿಲ್ಲ. ಅವ್ವ ಬಡಿಸುತ್ತ ಬಡಿಸುತ್ತ ಗಿರಾಕಿಗಳನ್ನು ಛೇಡಿಸುವಳು, ಬೈಯುವಳು, ಕಡೆಗೆ ತಾನೇ ಜೋರಾಗಿ ನಗುವಳು. ಆ ನಗು ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ನಾನೂ ಅಣ್ಣ ಗುರುಸಿದ್ಧನೂ ಶಾಲೆ ಓದುತ್ತಿದ್ದಾಗ ಅವ್ವನ ಮುಖಕ್ಕೆ ಲಕ್ವಾ ಹೊಡೆಯಿತು. ಬೇಗ ದವಾಖಾನೆಗೆ ಹೋಗಿದ್ದರೆ ಪೂರಾ ವಾಸಿಯಾಗುತ್ತಿತ್ತಂತೆ. ಜಾತ್ರೆಗೆ ಬಂದ ಜನ ಉಪವಾಸ ಹೋದಾರೆಂದು ಅವಳು ಖಾನಾವಳಿ ಮುಚ್ಚಲಿಲ್ಲ, ತಡವಾಯಿತು. ಬಲಗೆನ್ನೆ ಕಡೆಯವರೆಗೂ ಮಿಸುಕಲಿಲ್ಲ. ನಕ್ಕರೆ ಬಾಯಿ ಪೂರ್ತಿ ಎಡಕ್ಕೆ ಓಡುತ್ತಿತ್ತು, ಎಡಗಣ್ಣು ಮುಚ್ಚುತ್ತಿತ್ತು, ಬಲಗಣ್ಣು ಮಾತ್ರ ಯಾರದೋ ಹೊಸ ಸುದ್ದಿ ಕೇಳಿದಂತೆ ಅಗಲವಾಗಿ ತೆರೆದೇ ಇರುತ್ತಿತ್ತು. ಅವಳು ಅದಕ್ಕಾಗಿ ನಗುವುದನ್ನು ಕಡಿಮೆ ಮಾಡಲಿಲ್ಲ. ನಮಗೆ ಆ ಮುಖವೇ ಅವ್ವನ ಮುಖವಾಯಿತು.

ಆದರೆ ಆ ಮುಖದ ಒಂದು ಪಟವೂ ನಮ್ಮಲ್ಲಿ ಇರಲಿಲ್ಲ. ಯಾಕೆಂದು ಹೇಳಬೇಕು. ನಮ್ಮ ಕಾಲದಲ್ಲಿ ಪಟ ತೆಗೆಯುವ ಕಣ್ಣು ಎಲ್ಲ ಮನೆಗಳಲ್ಲೂ, ಎಲ್ಲ ಗೋಡೆಗಳಲ್ಲೂ ಇದೆ. ಅದಕ್ಕೆ ತಿದ್ದುಗಣ್ಣು ಎನ್ನುತ್ತೇವೆ. ಅದು ತೆಗೆಯುವಾಗಲೇ ತಿದ್ದುತ್ತದೆ. ಸುಕ್ಕು ಅಳಿಸುತ್ತದೆ, ಸೊಟ್ಟ ನೆಟ್ಟಗಾಗುತ್ತದೆ, ಮುಚ್ಚಿದ ಕಣ್ಣು ತೆರೆಯುತ್ತದೆ. ಚಲಿಸುವ ಚಿತ್ರಕ್ಕೂ ಅದೇ ಗತಿ. ತಿದ್ದಬೇಡ ಎಂದು ಅದಕ್ಕೆ ಹೇಳಲು ಬರುವುದಿಲ್ಲ, ಹಾಗೆ ಹೇಳಬೇಕೆಂದು ಯಾರಿಗೂ ಅನಿಸಿಯೂ ಇಲ್ಲ. ಹಾಗಾಗಿ ನಮ್ಮ ಹಬ್ಬಗಳ, ನನ್ನ ಮದುವೆಯ ಪಟಗಳಲ್ಲೆಲ್ಲ ಇರುವುದು ತುಟಿ ಸಮನಾಗಿರುವ, ಕೆನ್ನೆ ನುಣುಪಾಗಿರುವ, ಯಾರೋ ಗೌರವಸ್ಥ ಹೆಂಗಸು. ಇದ್ದದ್ದನ್ನು ಇದ್ದಂತೆ ತೆಗೆಯುವವರು ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರಿಗೆ ಬರಿಗಣ್ಣಿನವರು ಎಂದು ಹೆಸರು. ಅವರ ಮುಂದೆ ಕೂರಲು ಜನ ಹೆದರುತ್ತಾರೆ. ಅವರಿಗೊಂದು ಕಟ್ಟುನಿಟ್ಟಿನ ಕಾಯಿದೆ ಇದೆ: ಪಟ ಕೂತವರ ಸೊತ್ತು. ಅಳಿಸು ಎಂದರೆ ಅವರೆದುರಿಗೇ ಅಳಿಸಬೇಕು, ನಕಲು ಉಳಿಸುವಂತಿಲ್ಲ.

ಒಂದು ದಿನ ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, “ನಂದೊಂದು ಬರಿಗಣ್ಣಿನ ಪಟ ತಗಸ್ರಿ” ಎಂದಳು.

ಅಣ್ಣ ಅಲ್ಲೇ ಊಟಕ್ಕೆ ಕೂತಿದ್ದ. “ಯಾಕವ್ವಾ? ಮನ್ಯಾಗ ಕನ್ನಡಿ ಐತೆಲ್ಲ?”

“ಕನ್ನಡಿ ಮುಂದ ಎಲ್ಲಾರೂ ಗಂಭೀರ ಆಗಿಬಿಡ್ತಾರೋ. ನಾ ನಗೂದು ಹೆಂಗ ಕಾಣತೈತಿ ಅಂತ ನೋಡಬೇಕು. ಇಷ್ಟು ಮಂದಿ ನೋಡ್ಯಾರ, ನಾ ಒಬ್ಬಾಕಿನ ನೋಡಿಲ್ಲ.”

ಅಣ್ಣ ಒಪ್ಪಿದ. ಅವನು ಅವ್ವನ ಯಾವ ಮಾತನ್ನೂ ತೆಗೆದುಹಾಕಿದವನಲ್ಲ. ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸ, ದಿನವಿಡೀ ಓಡಾಟ. ಎಷ್ಟೇ ದಣಿದಿರಲಿ ಅವ್ವನ ಕಾಲೊತ್ತದೆ ಮಲಗುತ್ತಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದಿನದನ್ನು ಓದಿ ನೀವು ಅವನನ್ನು ಕೆಟ್ಟವನೆಂದು ತಿಳಿಯಬಾರದು.

ಬರಿಗಣ್ಣಿನವಳ ಹೆಸರು ಮೆಹರುನ್ನೀಸಾ ನದಾಫ. ಹಳೇ ಹತ್ತಿ ಮಿಲ್ಲಿನ ಹಿಂದೆ ಅವಳ ಕೋಣೆ. ಉತ್ತರಕ್ಕೊಂದು ದೊಡ್ಡ ಕಿಟಕಿ, ಬೆನ್ನಿಲ್ಲದ ಒಂದು ಸ್ಟೂಲು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ನೆಟ್ಟ ಗೂಟದ ಹಾಗೆ ಕೂತಳು. ಅಣ್ಣ, ಅತ್ತಿಗೆ, ನಾನು, ನನ್ನ ಗಂಡ ಎಲ್ಲರೂ ಸುತ್ತ ನಿಂತೆವು. ಗದ್ದ ಎತ್ತು ಎಂದರು ಒಬ್ಬರು, ಭುಜ ಇಳಿಸು ಎಂದರು ಇನ್ನೊಬ್ಬರು. “ಸಹಜಾಗಿ ಕುಂದ್ರವ್ವಾ, ಸಹಜಾಗಿ” ಎಂದು ಅಣ್ಣ ಮತ್ತೆ ಮತ್ತೆ ಹೇಳಿದ.

“ಸಹಜ ಅಂದ್ರ ಹೆಂಗೋ? ಬರೂವಾಗ ಗೊತ್ತಿತ್ತು, ಈಗ ಮರತೆ” ಎಂದಳು ಅವ್ವ, ತುಟಿ ಅಲುಗಿಸದೆ.

ಮೆಹರುನ್ನೀಸಾ ಆ ದಿನ ಪಟ ತೆಗೆಯಲೇ ಇಲ್ಲ. “ನಾಳೆ ಮತ್ತ ಬರ್ರಿ ಇಂದವ್ವಾರ. ದಿನಾ ಉಡೂ ಸೀರಿ ಉಟಗೊಂಡು ಬರ್ರಿ. ಇವರು ಬಂದ್ರೂ ಪಡಸಾಲ್ಯಾಗ ಕುಂದ್ರಲಿ. ಇಷ್ಟು ಮಂದಿ ಸುತ್ತ ನಿಂತು ಸಹಜ ಅಂತ ಕೂಗಿದ್ರ, ಯಾರ ಮುಖದಾಗ ಅದು ನಿಲ್ಲತೈತಿ?”

ಮರುದಿನ ನಾವು ಪಡಸಾಲೆಯಲ್ಲಿ ಕೂತೆವು. ಬಾಗಿಲು ಅರ್ಧ ತೆರೆದಿತ್ತು. ಮೆಹರುನ್ನೀಸಾ ಒಂದು ಸೂಡು ಮೆಂತ್ಯೆ ಸೊಪ್ಪು ತಂದು ಅವ್ವನ ಮಡಿಲಿಗೆ ಹಾಕಿದ್ದು ಕಂಡಿತು. ಸಂಜೆ ಅಡುಗೆಗೆ ಬೇಕು, ಸ್ವಲ್ಪ ಎಲೆ ಬಿಡಿಸಿ ಸೋಸಿಕೊಡಿ ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ ಅವ್ವನ ಭುಜಗಳು ತಾವಾಗಿ ಇಳಿದವು. ಕಾಲು ಒಂದರ ಮೇಲೊಂದು ಬಂತು. ಖಾನಾವಳಿಗೆ ಯಾರ್‍ಯಾರು ಬರುತ್ತಾರೆಂದು ಮೆಹರುನ್ನೀಸಾ ಕೇಳಿದಳು. ಅಷ್ಟು ಸಾಕಾಯಿತು. ತನ್ನ ಹೆಂಡತಿಯ ರೊಟ್ಟಿ ಸೇರದೆ ಕದ್ದು ಖಾನಾವಳಿಗೆ ಉಣ್ಣಲು ಬರುತ್ತಿದ್ದ ಒಬ್ಬ ಮಾಸ್ತರನ ಕಥೆ ಶುರುವಾಯಿತು.

“ಒಂದಿನ ಏನಾತವಾ, ಅವನ ಹೆಂಡತೀನೂ ಗಂಡಗ ಹೇಳದ ನಮ್ಮಲ್ಲೇ ಉಣ್ಣಾಕ ಬಂದಳು! ಅವನ ಮಗ್ಗಲಕ್ಕ ಕುಂತಳು! ಇಬ್ಬರೂ ತಾಟಿನ್ಯಾಗ ಮುಖಾ ಹಾಕ್ಯಾರ, ಮ್ಯಾಲ ನೋಡವಲ್ಲರು…”

ಆಮೇಲೆ ಅವಳ ನಗು. ಅರ್ಧ ತೆರೆದ ಬಾಗಿಲಿನಿಂದ ಹೊರಬಂದು ಪಡಸಾಲೆಯನ್ನೆಲ್ಲ ತುಂಬಿತು. ನಾವೂ ಯಾಕೆಂದು ತಿಳಿಯದೆ ನಕ್ಕೆವು. ಒಳಗೆ ಸಣ್ಣದೊಂದು ಸದ್ದು ಕೇಳಿತು, ಪಟ ತೆಗೆದಾಗಿತ್ತು.

ಮೆಹರುನ್ನೀಸಾ ಮೊದಲು ಅವ್ವನೊಬ್ಬಳಿಗೇ ತೋರಿಸಿದಳು. ಅವ್ವ ಬಹಳ ಹೊತ್ತು ನೋಡಿದಳಂತೆ. ನಮಗೆ ಕೇಳಿದ್ದು ಇಷ್ಟು: “ಹಿಂಗ ನಗತೇನನ ನಾ? ಅಯ್ಯ ನಮ್ಮವ್ವ! ಒಂದು ಕಣ್ಣು ನಗತೈತಿ, ಇನ್ನೊಂದು ಇದನ್ನ ಕಾಯಾಕ ಕುಂತೈತಿ!” ಮತ್ತೆ ನಕ್ಕಳು. ಆ ಪಟ ಅವಳಿಗೆ ಹಿಡಿಸಿತ್ತು. ಇದನ್ನು ನಾನು ಆಣೆ ಮಾಡಿ ಹೇಳಬಲ್ಲೆ. “ಬರ್ರಿ, ಎಲ್ಲಾರೂ ಬರ್ರಿ, ನೋಡ್ರಿ” ಎಂದು ಸಣ್ಣ ಹುಡುಗಿಯ ಹಾಗೆ ಕರೆದಳು.

ಅಣ್ಣ ಎಲ್ಲರಿಗಿಂತ ಮುಂದೆ ಹೋದ. ಪಟ ನೋಡಿದ. ಅವನ ಮುಖ ಬಾಡಿತು, ಕಣ್ಣು ಒಮ್ಮೆ ನೆಲಕ್ಕೆ ಹೋಗಿ ಬಂತು. ಜೀವಂತ ಮುಖವನ್ನು ದಿನಾ ನೋಡುತ್ತಿದ್ದವನೇ, ಅದು ಪಟದಲ್ಲಿ ಅಲುಗದೆ ನಿಂತದ್ದನ್ನು ಕಂಡು ಬೆಚ್ಚಿದ್ದ. ಪಟದ ಮುಖವೆಂದರೆ ನೆಟ್ಟಗಿರುತ್ತದೆ ಎಂದು ಹುಟ್ಟಿದಂದಿನಿಂದ ಕಲಿತ ಕಣ್ಣು ನಮ್ಮದು. ಆಮೇಲೆ ಅವನು ಸಾವರಿಸಿಕೊಂಡು, “ಛಲೋ ಬಂದೈತವ್ವಾ. ಬೇಕಂದ್ರ ಸ್ವಲ್ಪ ತಿದ್ದಿಸೂಣು, ಅಷ್ಟ” ಎಂದ.

ಅವ್ವ ಪಟವನ್ನು ನೋಡುತ್ತಿರಲಿಲ್ಲ. ಅವನನ್ನು ನೋಡುತ್ತಿದ್ದಳು.

“ಬ್ಯಾಡ” ಎಂದಳು. “ಅಳಿಸಿಬಿಡ್ರಿ ಮೆಹರವ್ವ.”

“ಒಂದು ದಿನ ಇರಲಿ ಬಿಡ್ರಿ ಇಂದವ್ವಾರ. ನಾಳೆ ಮತ್ತ ನೋಡೂಣು” ಎಂದಳು ಮೆಹರುನ್ನೀಸಾ.

“ನಾ ನೋಡಿದೆ, ನನಗ ಸಾಕಾತು. ಗ್ವಾಡಿ ಮ್ಯಾಲ ಹಾಕಿದ್ರ ನನ್ನ ಮಗ ದಿನಾ ಕಣ್ಣ ಕೆಳಗ ಹಾಕಬೇಕು. ಅದು ನನಗ ನೋಡಾಕಾಗೂದಿಲ್ಲ.”

ಅಣ್ಣ ಬಿಳಿಚಿಕೊಂಡ. “ನಾ ಏನೂ ಅನ್ನಲಿಲ್ಲಲ್ಲವ್ವಾ!”

“ಅಂದಿ ಅಂತ ಯಾರು ಹೇಳಿದ್ರು, ಹುಚ್ಚಪ್ಪಾ” ಎಂದು ಅವನ ಬೆನ್ನು ಸವರಿದಳು. ಸಿಟ್ಟಿರಲಿಲ್ಲ, ಅದೇ ಇನ್ನೂ ಕಷ್ಟ. ನಾನು ಅವಳ ಕೈ ಹಿಡಿದು, “ಅವ್ವಾ, ನನಗ ಬೇಕು ಅದು. ನನಗ ಕೊಡು” ಎಂದು ಕೇಳಿದೆ. ಜಗಳವನ್ನೇ ಆಡಿದೆ.

“ನಿನಗ್ಯಾಕ ಪಟ? ನಾನ ಇಲ್ಲೇ ಅದೀನಲ್ಲ” ಎಂದಳು.

ಮೆಹರುನ್ನೀಸಾ ಕಾಯಿದೆಯಂತೆ ಅವಳೆದುರಿಗೇ ಅಳಿಸಿದಳು. ಅವ್ವ ಸೋಸಿದ ಮೆಂತ್ಯೆಯನ್ನು ಒಪ್ಪವಾಗಿ ಕಟ್ಟಿಕೊಟ್ಟು ಎದ್ದಳು. ಮತ್ತೆ ಕೂರಿಸಲು ಅಣ್ಣ ಎಷ್ಟೋ ಸಲ ಬೇಡಿಕೊಂಡ. ಆಗಲಿ ಬಿಡೋ, ರೊಟ್ಟಿ ಯಾರು ಬಡೀತಾರ ಎಂದು ನಕ್ಕು ತಳ್ಳಿಹಾಕಿದಳು. ಮುಂದಿನ ಬೇಸಗೆಯಲ್ಲಿ, ಉರಿಗಾಳಿ ಬೀಸಿದ ವಾರ, ಖಾನಾವಳಿಯಲ್ಲೇ ಕುಸಿದಳು. ಎರಡು ದಿನ ಮಾತಿಲ್ಲದೆ ಮಲಗಿದ್ದು ಹೋಗಿಬಿಟ್ಟಳು.

ಶಿವಗಣಾರಾಧನೆಯ ದಿನ ಮನೆಯ ಪಟಗಳಲ್ಲೇ ಒಂದನ್ನು ದೊಡ್ಡದು ಮಾಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಇಟ್ಟೆವು. ಖಾನಾವಳಿಯ ಗಿರಾಕಿಗಳೆಲ್ಲ ಬಂದರು. ಫಕ್ಕೀರಪ್ಪ ಕಾಕಾ ಎಂಬ ಹಳಿ ಕಾಯುವ ಮುದುಕ, ಅವ್ವನ ಕೈಯ ಊಟವನ್ನೇ ಉಂಡು ತಲೆ ಹಣ್ಣಾದವನು, ಪಟದ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಅಣ್ಣನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ:

“ತಮ್ಮಾ, ಇವರು ಯಾರು? ಇಂದವ್ವನ ತಂಗೀನ? ಇಂದವ್ವನ ಪಟಾ ಎಲ್ಲಿಟ್ಟೀರಿ, ಕೈ ಮುಗೀಬೇಕು.”

ಅಣ್ಣ ಪಟದ ಕಡೆ ತಿರುಗಿ ನೋಡಿದ. ತುಟಿ ಸಮನಾದ ಆ ಹೆಂಗಸನ್ನು ಅವನೂ ಮೊದಲ ಸಲ ಕಂಡಂತೆ ಕಂಡ. ಅಲ್ಲೇ ಕಂಬಕ್ಕೆ ಒರಗಿ ಕುಸಿದು, ಬಂದವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ. ಫಕ್ಕೀರಪ್ಪ ಕಾಕಾ ಏನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಅವನ ತಲೆ ಸವರುತ್ತ ನಿಂತ.

ಅಣ್ಣ ಮೆಹರುನ್ನೀಸಾಳ ಬಳಿ ಹೋದ, ನಾನೂ ಜೊತೆಗಿದ್ದೆ. ಅಳಿಸಿದ್ದು ಬಾರದೆಂದು ಅವನಿಗೂ ಗೊತ್ತಿತ್ತು. “ಹೆಂಗಿತ್ತು ಹೇಳ್ರಿ. ನೀವು ಛಂದಾಗಿ ನೋಡೀರಿ. ನಾ ನೋಡಲಿಲ್ಲ” ಎಂದ. ಅವಳು ಹೇಳಿದಳು. ಕಿಟಕಿಯ ಬೆಳಕು ಯಾವ ಕೆನ್ನೆಗಿತ್ತು, ಹಲ್ಲು ಎಷ್ಟು ಕಾಣುತ್ತಿತ್ತು, ಕುತ್ತಿಗೆಯ ನರ ಹೇಗೆ ಉಬ್ಬಿತ್ತು ಎಂದು. ಅಣ್ಣ ಕಣ್ಣು ಮುಚ್ಚಿ ಕೇಳಿದ. ಈಗಲೂ ಆಗಾಗ ಹೋಗಿ ಕೇಳಿ ಬರುತ್ತಾನೆ. ಆದರೆ ಅವಳಿಗೂ ವಯಸ್ಸಾಗಿದೆ. ಹೋದ ಸಲ ಬೆಳಕು ಯಾವ ಕೆನ್ನೆಗಿತ್ತೆಂದು ಅವಳಿಗೆ ನೆನಪಾಗಲಿಲ್ಲ.

ನಿಮಗೆ ನನ್ನದೊಂದು ಬೇಡಿಕೆ ಇದೆ. ನಿಮ್ಮ ಕಾಲದಲ್ಲಿ ಬರಿಗಣ್ಣಿನವರು ಬೀದಿ ಬೀದಿಗೆ ಇದ್ದರಂತೆ. ನಿಮ್ಮವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಕೂತವರಿಗೆ ಸಹಜವಾಗಿರು ಎಂದು ಹೇಳಬೇಡಿ, ಅದು ಹೇಳಿದರೆ ಬರುವಂಥದ್ದಲ್ಲ. ಕೈಗೊಂದು ಕೆಲಸ ಕೊಟ್ಟು, ಬಾಯಿಗೊಂದು ಮಾತು ಕೊಟ್ಟು ಹೊರಗೆ ಕೂರಿ. ಆಮೇಲೆ ನಿಮ್ಮವರೇ ಕರೆದು ಪಟ ತೋರಿಸುತ್ತಾರೆ. ಆಗ ಅವರು ಪಟ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾರೆ. ಆ ಒಂದು ಗಳಿಗೆ ನೆನಪಿರಲಿ.

ನಮ್ಮಲ್ಲಿ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ. ನಿಮ್ಮ ಕಾಲದಲ್ಲೂ ಹಾಗೇ ಅಂತೆ. ನಿಮ್ಮ ಲೆಕ್ಕದಲ್ಲಿ ನಾನು ನಿಜಕ್ಕೂ ಇನ್ನು ಬರಬೇಕಾದವಳು. ಅವ್ವ ನನಗಿಂತ ಮೊದಲು ಬರುತ್ತಾಳೆ. ಅವಳಿನ್ನೂ ಹುಟ್ಟಿಲ್ಲ, ಆ ಮಾಸ್ತರನ ಕಥೆ ಇನ್ನೂ ಆಗಿಲ್ಲ, ಆ ಪಟವನ್ನು ಇನ್ನೂ ಯಾರೂ ಅಳಿಸಿಲ್ಲ. ನೀವಿರುವ ಕಡೆ ಅವಳ ನಗು ಪೂರ್ತಿಯಾಗಿ ಮುಂದೆಯೇ ಇದೆ. ನಿಮ್ಮನ್ನು ನೆನೆದು ನನಗೆ ಹೊಟ್ಟೆಕಿಚ್ಚಾಗುತ್ತದೆ.

ಬರುತ್ತೇನೆ.

ಶಾಂಭವಿ